31, 26, 22: ಒಂದೇ ಅನ್ನನಾಳದ ಮೂರು ತುಣುಕು

"ರೊಟ್ಟಿ ಎದ್ಯಾಗ ಹಿಡ್ಕಂತೈತ್ರಿ. ಒಂದ್ ಗುಟುಕು ನೀರು ಕುಡಿದ್ರ ಇಳೀತೈತಿ."

ಗಂಗಾವತಿ ಕಡೆಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ, ವಯಸ್ಸು 56. ಇಪ್ಪತ್ತನೇ ವಯಸ್ಸಿನಿಂದ ತಂಬಾಕಿಗೆ ಸುಣ್ಣ ತಿಕ್ಕಿ ಎಡಗೆನ್ನೆಯಲ್ಲಿ ಇಟ್ಟುಕೊಳ್ಳುವ ಚಟ, ಜತೆಗೆ ಎಲೆ ಅಡಿಕೆ, ದಿನಕ್ಕೊಂದು ಕಟ್ಟು ಬೀಡಿ, ಸಂತೆಯ ದಿನ ಕುಡಿತ. ಮೊದಲು ಕಡಕ್ ರೊಟ್ಟಿ ಬಿಟ್ಟರು. ಆಮೇಲೆ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದರು. ಕೊನೆಗೆ ಗಂಜಿ. ಮೂರು ತಿಂಗಳು ಗ್ಯಾಸಿನ ಗುಳಿಗೆಯಲ್ಲೇ ಕಳೆಯಿತು. 58 ಕಿಲೋ ಇದ್ದ ತೂಕ 49ಕ್ಕೆ ಇಳಿದ ಮೇಲೆ ಎಂಡೋಸ್ಕೋಪಿ ಆಯಿತು. ತಡವಾಗಲು ಅಂಗದ ಸ್ವಭಾವವೂ ಕಾರಣ. ಅನ್ನನಾಳ ಹಿಗ್ಗುವ ಕೊಳವೆ. ಒಳದಾರಿ ಸುಮಾರು 13 ಮಿಲಿಮೀಟರ್‌ಗಿಂತ ಕಿರಿದಾಗುವ ತನಕ ಗಟ್ಟಿ ಆಹಾರವೂ ಹೆಚ್ಚು ತಕರಾರಿಲ್ಲದೆ ಇಳಿಯುತ್ತದೆ. ನಮ್ಮ ಕಡೆ ಜೋಳದ ರೊಟ್ಟಿ ಒಂದು ಲೆಕ್ಕಕ್ಕೆ ಒಳ್ಳೆಯ ಪರೀಕ್ಷಕ. ಅನ್ನ ತಿನ್ನುವವರಿಗಿಂತ ರೊಟ್ಟಿ ತಿನ್ನುವವರಿಗೆ ತೊಂದರೆ ಬೇಗ ಗೊತ್ತಾಗಬೇಕು. ಆದರೆ ರೊಟ್ಟಿ ಬಿಟ್ಟು ಅನ್ನಕ್ಕೆ ಹೊರಳಿದರೆ ಆ ಸೂಚನೆಯೂ ಮಸುಕಾಗುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಇದು ಯಾರೋ ಒಬ್ಬರ ಪ್ರಕರಣವಲ್ಲ. ಅನ್ನನಾಳದ ಕ್ಯಾನ್ಸರಿನಲ್ಲಿ ಮೀಥೈಲೇಶನ್, ಅಂದರೆ ಡಿಎನ್ಎ ಮೇಲೆ ಕೂರುವ ಒಂದು ರಾಸಾಯನಿಕ ಗುರುತು, ಅಳೆಯುವುದನ್ನು ಕಲಿಯಲೆಂದು ಈ ಭಾಗದಲ್ಲಿ ಕಾಣುವ ಚಿತ್ರಗಳನ್ನು ಕೂಡಿಸಿ ಕಟ್ಟಿದ್ದು. ರೋಗಿಯ ವಿವರ, ಲ್ಯಾಬಿನ ಅಂಕಿ ಎರಡೂ ಉದಾಹರಣೆಗೆ ಕೊಟ್ಟವು. ಹಿಂದಿರುವ ಜೀವಶಾಸ್ತ್ರ ಮತ್ತು ವಿಧಾನ ಮಾತ್ರ ವಾಸ್ತವದ್ದು.

ಮೂರು ಜಾಗ

ಎಂಡೋಸ್ಕೋಪಿಯ ಅಳತೆ ಮುಂಭಾಗದ ಹಲ್ಲಿನಿಂದ ಶುರು. ಸುಮಾರು 15 ಸೆಂಟಿಮೀಟರ್‌ಗೆ ಅನ್ನನಾಳ ಆರಂಭ, 40ರ ಹತ್ತಿರ ಹೊಟ್ಟೆ. ಮೊದಲ ಎಂಡೋಸ್ಕೋಪಿಯಲ್ಲಿ 31ರಲ್ಲಿ ಹುಣ್ಣಾದ ಗಡ್ಡೆ ಸಿಕ್ಕಿತು. ವರದಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಒಳಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್. ಭಾರತದಲ್ಲಿ ಅನ್ನನಾಳದ ಕ್ಯಾನ್ಸರ್ ಎಂದರೆ ಹೆಚ್ಚಾಗಿ ಇದೇ. ಆಮ್ಲ ಮೇಲೇರಿ ಒಳಪದರದ ಕೋಶಗಳು ಬೇರೆ ಬಗೆಯವಾಗುವ ಬ್ಯಾರೆಟ್ ಬದಲಾವಣೆಯಿಂದ ಹುಟ್ಟುವ ಅಡಿನೋಕಾರ್ಸಿನೋಮ ಪಶ್ಚಿಮದ ದೇಶಗಳಲ್ಲಿ ಜಾಸ್ತಿ. ಅದರ ಮೀಥೈಲೇಶನ್ ಕತೆ ಬೇರೆ, ಅಲ್ಲಿನ ಗುರುತುಗಳನ್ನು ಇಲ್ಲಿಗೆ ಹಾಗೇ ಎತ್ತಿ ತರುವಂತಿಲ್ಲ.

ಗಡ್ಡೆ ಕಂಡ ಕೂಡಲೇ ಸ್ಕೋಪ್ ಹೊರಗೆ ತೆಗೆಯುವುದು ಸಾಮಾನ್ಯ ತಪ್ಪು. ತಂಬಾಕು, ಅಡಿಕೆ, ಕುಡಿತ ಮೂರೂ ಇರುವವರಲ್ಲಿ ಗಡ್ಡೆಯಿಂದ ದೂರದಲ್ಲಿ ಇನ್ನೊಂದು ಚಪ್ಪಟೆ ಮಚ್ಚೆ ಇರುವುದು ಅಪರೂಪವಲ್ಲ, ಬಿಳಿ ಬೆಳಕಿನಲ್ಲಿ ಅದು ಕಾಣುವುದೂ ಇಲ್ಲ. ಆದ್ದರಿಂದ ಎರಡನೇ ಬಾರಿ ಲ್ಯೂಗಾಲ್ ಅಯೋಡಿನ್ ಹಾಕಿ ನೋಡಲಾಯಿತು. ಅಯೋಡಿನ್ ಅಲರ್ಜಿ ಮತ್ತು ಥೈರಾಯ್ಡ್ ತೊಂದರೆ ಕೇಳಿಕೊಂಡು, ಲೋಳೆ ತೊಳೆದು, ಶೇ 1.5ರ ದ್ರಾವಣ ಸುಮಾರು 20 ಮಿಲಿಲೀಟರನ್ನು ಸ್ಪ್ರೇ ಕ್ಯಾಥೆಟರಿನಿಂದ ಕೆಳಗಿನಿಂದ ಮೇಲಕ್ಕೆ ಬಿಡಬೇಕು. ಆರೋಗ್ಯವಂತ ಪದರದಲ್ಲಿ ಗ್ಲೈಕೋಜನ್ ಇರುವುದರಿಂದ ಅದು ಕಾಚಿನ ಬಣ್ಣಕ್ಕೆ ತಿರುಗುತ್ತದೆ, ಕೆಟ್ಟ ಜಾಗ ಬಣ್ಣ ಹಿಡಿಯುವುದಿಲ್ಲ. ಎರಡು ಮೂರು ನಿಮಿಷ ಕಾದರೆ ಬಣ್ಣ ಹಿಡಿಯದ ಆ ಜಾಗವೇ ನಸುಗೆಂಪಾಗುತ್ತದೆ. ಹಾಗಾದರೆ ಹೈ ಗ್ರೇಡ್ ಡಿಸ್‌ಪ್ಲೇಸಿಯಾ, ಅಂದರೆ ಕ್ಯಾನ್ಸರಿಗೆ ಹಿಂದಿನ ಮೆಟ್ಟಿಲು, ಇರಬಹುದೆಂಬ ಅನುಮಾನ ಬಲವಾಗುತ್ತದೆ. ಇಲ್ಲಿ 26ರಲ್ಲಿ 8 ಮಿಲಿಮೀಟರಿನ ಅಂಥ ಮಚ್ಚೆ ಸಿಕ್ಕಿತು. ಮುಗಿದ ಮೇಲೆ ಶೇ 5ರ ಸೋಡಿಯಂ ಥಯೋಸಲ್ಫೇಟ್ ಹಾಕದಿದ್ದರೆ ರೋಗಿ ರಾತ್ರಿಯೆಲ್ಲ ಎದೆ ಉರಿ ಎನ್ನುತ್ತಾರೆ.

ಬಯಾಪ್ಸಿಯ ಕ್ರಮ 22, 26, 31. ಚೆನ್ನಾಗಿ ಕಂದು ಬಣ್ಣ ಹಿಡಿದ ಜಾಗ ಮೊದಲು, ಗಡ್ಡೆ ಕೊನೆಗೆ. ಗಡ್ಡೆ ಕಚ್ಚಿದ ಫೋರ್ಸೆಪ್ಸಿನಿಂದಲೇ ಆಮೇಲೆ ಒಳ್ಳೆ ಜಾಗ ಕಚ್ಚಿದರೆ ಕ್ಯಾನ್ಸರ್ ಕೋಶಗಳೂ ಅಂಟಿಕೊಂಡು ಬರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಅದು ದೊಡ್ಡ ವಿಷಯವಾಗದೆ ಇರಬಹುದು, ಡಿಎನ್ಎ ಪ್ರತಿಗಳನ್ನು ಬೆಳೆಸುವ ಪಿಸಿಆರ್‌ಗೆ ಮಾತ್ರ ನಾಲ್ಕಾರು ಕೋಶವೂ ಸಾಕು. ಮೇಣದ ಬ್ಲಾಕಿನಲ್ಲಿಟ್ಟ ತುಣುಕನ್ನು ತೆಳುವಾಗಿ ಕೊಯ್ಯುವ ಮೈಕ್ರೋಟೋಮಿನಲ್ಲೂ ಇದೇ ನಿಯಮ. ಒಳ್ಳೆ ಬ್ಲಾಕ್ ಮೊದಲು ಕೊಯ್ಯಬೇಕು, ಪ್ರತಿ ಬ್ಲಾಕಿಗೂ ಬ್ಲೇಡ್ ಬದಲಿಸಬೇಕು.

ಪೆಥಾಲಜಿ ಸರಳವಾಗಿತ್ತು: 22ರಲ್ಲಿ ಸಾಮಾನ್ಯ ಪದರ, 26ರಲ್ಲಿ ಹೈ ಗ್ರೇಡ್ ಡಿಸ್‌ಪ್ಲೇಸಿಯಾ, 31ರಲ್ಲಿ ಕ್ಯಾನ್ಸರ್. ಒಬ್ಬರದೇ ಅನ್ನನಾಳದಲ್ಲಿ ಮೂರು ಮೆಟ್ಟಿಲು ಸಿಕ್ಕಿದ್ದರಿಂದಲೇ ಮೀಥೈಲೇಶನ್ ಅಧ್ಯಯನಕ್ಕೆ ಇದು ಹೊಂದುವ ಪ್ರಕರಣ. ಒಬ್ಬರ ಕ್ಯಾನ್ಸರನ್ನು ಇನ್ನೊಬ್ಬರ ಸಾಮಾನ್ಯ ಪದರದ ಜತೆ ಹೋಲಿಸಿದರೆ ವಯಸ್ಸು, ಚಟ, ಆಹಾರ ಎಲ್ಲ ಅಂಕಿಯೊಳಗೆ ನುಸುಳುತ್ತವೆ.

ಏನನ್ನು ಅಳೆದದ್ದು

ಡಿಎನ್ಎಯಲ್ಲಿ ಸಿ ಅಕ್ಷರದ ಪಕ್ಕ ಜಿ ಬಂದಲ್ಲಿ, ಆ ಸಿ ಮೇಲೆ ಒಂದು ಮೀಥೈಲ್ ಗುಂಪು ಕೂರಬಹುದು. ಜೀನಿನ ಬಾಗಿಲಲ್ಲಿ, ಅಂದರೆ ಪ್ರೊಮೋಟರಿನಲ್ಲಿ, ಇಂಥ ಜೋಡಿಗಳು ಗುಂಪಾಗಿರುತ್ತವೆ. ಅಲ್ಲೆಲ್ಲ ಮೀಥೈಲ್ ತುಂಬಿದರೆ ಜೀನ್ ಮೌನವಾಗುತ್ತದೆ. ಅಕ್ಷರ ಒಂದೂ ಬದಲಾಗಿಲ್ಲ. ಹಾಳೆ ಹರಿದಿಲ್ಲ, ಹಾಳೆಗೆ ಹಾಳೆ ಅಂಟಿಕೊಂಡಿದೆ ಅಷ್ಟೇ. ಕೋಶ ಒಡೆದು ಎರಡಾದಾಗ ಡಿಎನ್‌ಎಂಟಿ1 ಎಂಬ ಕಿಣ್ವ ಹೊಸ ಎಳೆಗೂ ಅದೇ ಗುರುತು ಹಚ್ಚುವುದರಿಂದ ಈ ಮೌನ ಮರಿಕೋಶಗಳಿಗೂ ದಾಟುತ್ತದೆ.

ಕ್ಯಾನ್ಸರಿನತ್ತ ಸಾಗುವ ಅಂಗಾಂಶದಲ್ಲಿ ಎರಡು ವಿರುದ್ಧ ಸಂಗತಿ ಒಟ್ಟಿಗೆ ನಡೆಯುತ್ತವೆ. ಕೆಲವು ಕಾವಲು ಜೀನುಗಳ ಬಾಗಿಲಲ್ಲಿ ಮೀಥೈಲ್ ಏರುತ್ತದೆ, ಒಟ್ಟು ಜೀನೋಮಿನಲ್ಲಿ ಇಳಿಯುತ್ತದೆ. ಹಾಗಾಗಿ ಇಲ್ಲಿ ನಾಲ್ಕು ಗುರಿ ಆರಿಸಲಾಯಿತು. ಕೋಶ ವಿಭಜನೆಗೆ ಬ್ರೇಕ್ ಹಾಕುವ ಪಿ16, ಡಿಎನ್ಎ ದುರಸ್ತಿಯ ಎಂಜಿಎಂಟಿ, ಇನ್ನೊಂದು ಕಾವಲು ಜೀನ್ ಆರ್‌ಎಎಸ್‌ಎಸ್‌ಎಫ್1ಎ, ಮತ್ತು ಒಟ್ಟು ಇಳಿತ ತೋರಿಸುವ ಲೈನ್-1. ಈ ಲೈನ್-1 ನಮ್ಮ ಜೀನೋಮಿನ ಸುಮಾರು ಶೇ 17ರಷ್ಟನ್ನು ತುಂಬಿರುವ, ಮತ್ತೆ ಮತ್ತೆ ಬರುವ ತುಣುಕು. ತಂಬಾಕು ತಿನ್ನುವವರಲ್ಲಿ ಎಂಜಿಎಂಟಿಗೆ ವಿಶೇಷ ಅರ್ಥವಿದೆ. ತಂಬಾಕಿನ ನೈಟ್ರೋಸಮೀನುಗಳು ಡಿಎನ್ಎಯ ಜಿ ಅಕ್ಷರಕ್ಕೆ ಹಚ್ಚುವ ಒಂದು ಬಗೆಯ ಕಲೆಯನ್ನು ಒರೆಸುವ ಕೆಲಸ ಈ ಪ್ರೋಟೀನಿನದು. ಕಲೆ ದಿನವೂ ಬೀಳುತ್ತಿರುವಾಗ ಒರೆಸುವವನೇ ಮಲಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ವಿಧಾನ ಹಳೆಯದೇ, ಬೈಸಲ್ಫೈಟ್. 1992ರಿಂದ ಬಳಕೆಯಲ್ಲಿದೆ. ಬೈಸಲ್ಫೈಟ್ ಹಾಕಿದಾಗ ಮೀಥೈಲ್ ಇಲ್ಲದ ಸಿ ಯುರಾಸಿಲ್ ಆಗುತ್ತದೆ, ಪಿಸಿಆರ್ ಆದ ಮೇಲೆ ಟಿ ಎಂದು ಓದಿಸಿಕೊಳ್ಳುತ್ತದೆ. ಮೀಥೈಲ್ ಇರುವ ಸಿ ಸಿಯಾಗಿಯೇ ಉಳಿಯುತ್ತದೆ. ಅಂದರೆ ಈ ಪರೀಕ್ಷೆಯಲ್ಲಿ "ಬದಲಾಗದೆ ಉಳಿದದ್ದೆಲ್ಲ ಮೀಥೈಲ್" ಎಂಬ ಊಹೆ ಅಡಗಿದೆ. ಈ ಪ್ರಕರಣ ಎಡವಿದ್ದು ಈ ಊಹೆಯ ಮೇಲೆಯೇ.

ಪಿ16, ಎಂಜಿಎಂಟಿ, ಆರ್‌ಎಎಸ್‌ಎಸ್‌ಎಫ್1ಎ ಮೂರನ್ನೂ ಮೀಥೈಲೇಶನ್ ಗುರುತಿಸುವ ರಿಯಲ್ ಟೈಮ್ ಪಿಸಿಆರ್‌ನಲ್ಲಿ, ಲೈನ್-1 ಅನ್ನು ಅಕ್ಷರ ಒಂದೊಂದಾಗಿ ಓದುವ ಪೈರೋಸೀಕ್ವೆನ್ಸಿಂಗಿನಲ್ಲಿ ಅಳೆಯಲಾಯಿತು. ಪಿಸಿಆರ್ ಅಂಕಿ ಎಂದರೆ ಪೂರ್ತಿ ಮೀಥೈಲ್ ತುಂಬಿದ ನಿಯಂತ್ರಣ ಡಿಎನ್ಎಯನ್ನು 100 ಎಂದಿಟ್ಟು ಹಾಕಿದ ಲೆಕ್ಕ. ಎಷ್ಟು ಡಿಎನ್ಎ ಇದೆ ಎಂಬ ಅಳತೆಗೆ ಆಕ್ಟಿನ್ ಜೀನಿನ ಸಿ-ಜಿ ಜೋಡಿ ಇಲ್ಲದ ಭಾಗ. ರೋಗಿಯ ರಕ್ತದ ಡಿಎನ್ಎಯೂ ಜತೆಗಿತ್ತು. ಪ್ಯಾರಾಫಿನ್ ತುಣುಕಿನಲ್ಲಿ ಡಿಎನ್ಎ ಚೂರಾಗಿರುತ್ತದೆ, ಬೈಸಲ್ಫೈಟ್ ಇನ್ನಷ್ಟು ಚೂರು ಮಾಡುತ್ತದೆ. ಆದ್ದರಿಂದ ವರ್ಧಿಸುವ ಭಾಗ 100ರಿಂದ 120 ಅಕ್ಷರಕ್ಕಿಂತ ಉದ್ದವಿರಬಾರದು. ಎಳೆಯ ನಕಲು ತೆಗೆಯುವ ಕಿಣ್ವ ಪಾಲಿಮರೇಸ್ ಕೂಡ ಯುರಾಸಿಲ್ ಕಂಡರೆ ನಿಲ್ಲದಂಥದ್ದು ಬೇಕು. ತಪ್ಪು ತಿದ್ದುವ ದುಬಾರಿ ಕಿಣ್ವ ಇಲ್ಲಿ ಕೈಕೊಡುತ್ತದೆ, ಸಾದಾ ಹಾಟ್ ಸ್ಟಾರ್ಟ್ ಟಾಕ್ ಸಾಕು.

ಎರಡು ವಿಚಿತ್ರ ಅಂಕಿ

ಮೊದಲ ವರದಿಯಲ್ಲಿ ಪಿ16 ಹೀಗಿತ್ತು: 22ರ ಸಾಮಾನ್ಯ ಪದರದಲ್ಲಿ 48, 26ರ ಡಿಸ್‌ಪ್ಲೇಸಿಯಾದಲ್ಲಿ 31, 31ರ ಕ್ಯಾನ್ಸರಿನಲ್ಲಿ 4. ಏಣಿಯೇ ತಲೆಕೆಳಗು. ಒಳ್ಳೆಯದರಲ್ಲಿ ಎಲ್ಲಕ್ಕಿಂತ ಹೆಚ್ಚು, ಕ್ಯಾನ್ಸರಿನಲ್ಲಿ ಎಲ್ಲಕ್ಕಿಂತ ಕಡಿಮೆ. ಇಂಥ ಕಡೆ "ಸ್ಯಾಂಪಲ್ ಅದಲು ಬದಲಾಗಿದೆ" ಎಂದು ಷರಾ ಬರೆದು ಮುಗಿಸುವುದು ಸುಲಭ. ಗುರುತು ಸರಿಯಾಗಿಯೇ ಇತ್ತು. ಎರಡು ವಿಚಿತ್ರ ಅಂಕಿಗಳಲ್ಲಿ ಒಂದು ಸುಳ್ಳು, ಇನ್ನೊಂದು ನಿಜ.

ಸುಳ್ಳಿನ ಜಾಡು ಮೂರು ಕಡೆ ಇತ್ತು. ಆಕ್ಟಿನ್ 26 ಮತ್ತು 31ರ ತುಣುಕುಗಳಲ್ಲಿ 28ನೇ ಸುತ್ತಿನ ಆಸುಪಾಸು ಏರಿದರೆ, 22ರದ್ದು 36ರ ಹತ್ತಿರ. ಪ್ರತಿ ಸುತ್ತಿಗೂ ಡಿಎನ್ಎ ಇಮ್ಮಡಿಯಾಗುವುದರಿಂದ, ಅಲ್ಲಿ ವರ್ಧಿಸಬಲ್ಲ ಡಿಎನ್ಎ ಇನ್ನೂರು ಪಾಲಿಗೂ ಮೀರಿ ಕಡಿಮೆ. ಅಷ್ಟು ಬಡವಾದ ಸ್ಯಾಂಪಲಿನಲ್ಲಿ ಒಂದೆರಡು ಅಣು ಆಕಸ್ಮಿಕವಾಗಿ ಹಿಗ್ಗಿದರೂ ಶೇಕಡಾವಾರು ಹಾರಿಬಿಡುತ್ತದೆ. ಎರಡನೆಯದು ಲೈನ್-1. ರಕ್ತದಲ್ಲಿ 75 ಇದ್ದದ್ದು 22ರಲ್ಲಿ 84! ಅಲ್ಲಿ ಇಳಿದಿರಬಹುದೇ ಹೊರತು ರಕ್ತವನ್ನೂ ಮೀರಿ ಏರಲು ಕಾರಣವಿಲ್ಲ. ಮೂರನೆಯದೇ ನಿರ್ಣಾಯಕ. ಪೈರೋಸೀಕ್ವೆನ್ಸಿಂಗ್ ಓದಿನೊಳಗೆ ಪಕ್ಕದಲ್ಲಿ ಜಿ ಇಲ್ಲದ ಒಂದು ಸಿ ಇರುತ್ತದೆ, ಅಲ್ಲಿ ಮೀಥೈಲ್ ಇರುವ ಪ್ರಶ್ನೆಯೇ ಇಲ್ಲ. ಅದು ಪೂರ್ತಿ ಟಿ ಆಗಿರಬೇಕು. ಉಳಿದ ಎರಡರಲ್ಲಿ ಸಿ ಉಳಿದದ್ದು ಶೇ 1, ಇಲ್ಲಿ ಶೇ 14. ಬೈಸಲ್ಫೈಟ್ ತನ್ನ ಕೆಲಸ ಮುಗಿಸಿಯೇ ಇರಲಿಲ್ಲ. ಅರೆಬರೆ ಬದಲಾದ ಎಳೆಗಳಿಗೆ ಪ್ರೈಮರ್ (ನಕಲು ಶುರುಮಾಡುವ ಚಿಕ್ಕ ಡಿಎನ್ಎ ತುಣುಕು) ಅಂಟಿ, ಅವೆಲ್ಲ "ಮೀಥೈಲ್" ಎಂಬ ಲೆಕ್ಕಕ್ಕೆ ಸೇರಿದ್ದವು.

ಕೆಲಸ ಯಾಕೆ ಮುಗಿಯಲಿಲ್ಲ? ಉತ್ತರ ಸಿಕ್ಕಿದ್ದು ಬಾಟಲಿಯಲ್ಲಿ. ಆ ದಿನ ಎಂಡೋಸ್ಕೋಪಿ ಕೋಣೆಯಲ್ಲಿ ತಯಾರಿದ್ದ ಬಫರ್ ಫಾರ್ಮಲಿನ್ (ತುಣುಕು ಕೆಡದಂತೆ ಇಡುವ, ಆಮ್ಲವಾಗದಂತೆ ಲವಣ ಬೆರೆಸಿದ ದ್ರಾವಣ) ಬಾಟಲಿ ಎರಡೇ. ರೋಗ ಇರುವ ತುಣುಕಿಗೆ ಒಳ್ಳೆಯದಿರಲಿ ಎಂದು ಅವೆರಡು 26 ಮತ್ತು 31ಕ್ಕೆ ಹೋದವು. 22ರ ತುಣುಕಿಗೆ ಹಳೇ ಕ್ಯಾನಿನ ಫಾರ್ಮಲಿನ್, ನಲ್ಲಿ ನೀರು. ಬಾಲ್‌ಪೆನ್ನಿನ ಅಕ್ಷರ ಚೀಟಿಯಲ್ಲಿ ಅರ್ಧ ಕರಗಿತ್ತು, ಪಿಎಚ್ ಪಟ್ಟಿ ಅದ್ದಿದರೆ 4ರಿಂದ 5ರ ನಡುವೆ. ಕ್ಯಾನ್ಸರಿನ ತುಣುಕುಗಳು ಅದೇ ಸಂಜೆ ಲ್ಯಾಬಿಗೆ ಹೋದವು. ಸಾಮಾನ್ಯ ಪದರ ತಾನೇ, ಅವಸರವೇನು ಎಂದು ಇದು ಶುಕ್ರವಾರದಿಂದ ಬುಧವಾರದ ತನಕ ಕಿಟಕಿ ಕಟ್ಟೆಯ ಮೇಲೆ ಕೂತಿತ್ತು. ಏಪ್ರಿಲ್ ತಿಂಗಳ ಗಂಗಾವತಿಯ ಬಿಸಿಲಿನಲ್ಲಿ.

ಬಫರ್ ಇಲ್ಲದ ಫಾರ್ಮಲಿನ್ ನಿಲ್ಲುತ್ತ ನಿಲ್ಲುತ್ತ ಫಾರ್ಮಿಕ್ ಆಮ್ಲವಾಗುತ್ತದೆ, ಆಮ್ಲ ಡಿಎನ್ಎಯನ್ನು ಕತ್ತರಿಸುತ್ತದೆ. ಹೆಚ್ಚು ದಿನ ಇಟ್ಟರೆ ಪ್ರೋಟೀನ್ ಮತ್ತು ಡಿಎನ್ಎ ನಡುವೆ ಗಂಟು ಬಿಗಿಯುತ್ತವೆ. ಬೈಸಲ್ಫೈಟ್ ಒಂಟಿ ಎಳೆಯ ಮೇಲೆ ಮಾತ್ರ ಕೆಲಸ ಮಾಡುವುದು. ಗಂಟು ಬಿದ್ದಲ್ಲಿ ಎಳೆಗಳು ಬಿಡಿಯಾಗುವುದಿಲ್ಲ, ಸಿ ಹಾಗೇ ಉಳಿಯುತ್ತದೆ. ಸುಳ್ಳು ಮೀಥೈಲೇಶನ್ ಹುಟ್ಟುವುದು ಹೀಗೆ.

ಸರಿಯಾದ ದ್ರಾವಣಕ್ಕೆ ದುಡ್ಡೇನೂ ಹೆಚ್ಚು ಬೇಕಿಲ್ಲ. ಒಂದು ಲೀಟರಿಗೆ ಅಂಗಡಿಯ ಫಾರ್ಮಲಿನ್ 100 ಮಿಲಿಲೀಟರ್, ಡಿಸ್ಟಿಲ್ಡ್ ವಾಟರ್ 900, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಪಿಎಚ್ 7ರ ಆಸುಪಾಸು. ತುಣುಕಿನ ಹತ್ತು ಪಟ್ಟಿಗಿಂತ ಕಡಿಮೆ ದ್ರಾವಣ ಬೇಡ. 6 ಗಂಟೆಗಿಂತ ಮೊದಲು ತೆಗೆಯಬಾರದು, 48 ಗಂಟೆ ದಾಟಿಸಬಾರದು. ಹೆಸರು ಪೆನ್ಸಿಲ್ಲಿನಲ್ಲಿ, ಹಾಕಿದ ಹೊತ್ತು ಕೂಡ. ಬ್ಲಾಕುಗಳನ್ನು ಬೆಂಗಳೂರಿಗೆ ಕಳಿಸುವುದಾದರೆ ಥರ್ಮಾಕೋಲ್ ಡಬ್ಬಿಯಲ್ಲಿ ರಾತ್ರಿ ಬಸ್ಸಿಗೆ ಹಾಕುವುದು ವಾಸಿ. ಹಗಲ ಬಿಸಿಲಿನಲ್ಲಿ ಮೇಣ ಕರಗದೆ ಹೋದರೂ ಮೆತ್ತಗಾಗುತ್ತದೆ.

ಅದೇ ಬ್ಲಾಕನ್ನು ಉಳಿಸಿಕೊಳ್ಳಲು ಒಂದು ಯತ್ನ ನಡೆಯಿತು. 10 ಮೈಕ್ರೋಮೀಟರಿನ ಎಂಟು ಪದರ, 56 ಡಿಗ್ರಿಯಲ್ಲಿ ಪ್ರೋಟೀನ್ ಕರಗಿಸುವ ಪ್ರೋಟಿನೇಸ್ ಕೆ ಎರಡು ರಾತ್ರಿ, ನಡುವೆ ಹೊಸ ಕಿಣ್ವ, ಆಮೇಲೆ ಗಂಟು ಬಿಡಿಸಲು 90 ಡಿಗ್ರಿಯಲ್ಲಿ ಒಂದು ಗಂಟೆ. ಬೈಸಲ್ಫೈಟ್ ಹಂತದಲ್ಲೂ ಒಂದೇ ಸಲ ಕುದಿಸಿ ಬಿಡದೆ, 95 ಡಿಗ್ರಿಗೆ ಏರಿಸಿ 50ಕ್ಕೆ ಇಳಿಸುವ ಸುತ್ತು ಹದಿನಾರು. ಪರಿವರ್ತನೆ ಸುಧಾರಿಸಿತು, ಸಿ ಉಳಿದದ್ದು ಶೇ 3ಕ್ಕೆ ಬಂತು. ಆದರೆ ಆಕ್ಟಿನ್ ಇನ್ನೂ 35ರಲ್ಲೇ. ಗಂಟು ಬಿಡಿಸಬಹುದು, ಆಮ್ಲ ಕತ್ತರಿಸಿದ ಎಳೆಯನ್ನು ಹೊಲಿಯಲಾಗದು. ಆ ವರದಿಯನ್ನು "ಅಳೆಯಲಾಗಲಿಲ್ಲ" ಎಂದು ಮುಚ್ಚಬೇಕಾಯಿತು. ಸಂಖ್ಯೆ ಬರೆಯದೆ ಇರುವುದೂ ಲ್ಯಾಬಿನ ಕೆಲಸವೇ.

ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಿಗೆ ರೋಗಿ ಹೇಗೂ ಮರಳಿ ಬರುವವರಿದ್ದರು. ಅದೇ ಹೊತ್ತಿಗೆ, ಕಿಮೋ ಮತ್ತು ರೇಡಿಯೇಶನ್ ಶುರುವಾಗುವ ಮುನ್ನ, 22ರಿಂದ ಹೊಸದಾಗಿ ಎರಡು ತುಣುಕು. ಈ ಬಾರಿ ಪಿ16 6, ಎಂಜಿಎಂಟಿ 9, ಆರ್‌ಎಎಸ್‌ಎಸ್‌ಎಫ್1ಎ ಸೊನ್ನೆ, ಲೈನ್-1 73.

ನಿಜವಾಗಿದ್ದ ವಿಚಿತ್ರ

ಈಗ ಉಳಿದದ್ದು ಇನ್ನೊಂದು. ಕ್ಯಾನ್ಸರಿನಲ್ಲಿ ಪಿ16 ಬರೀ 4 ಏಕೆ? ಆ ಸ್ಯಾಂಪಲಿನಲ್ಲಿ ಎಲ್ಲ ನಿಯಂತ್ರಣವೂ ಸರಿ. ಎಂಜಿಎಂಟಿ 57, ಆರ್‌ಎಎಸ್‌ಎಸ್‌ಎಫ್1ಎ 38, ಲೈನ್-1 51ಕ್ಕೆ ಕುಸಿತ. ಗಡ್ಡೆಯ ಕೋಶ ಸಾಕಷ್ಟಿದ್ದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಉರಿಯೂತದ ಬಿಳಿ ರಕ್ತಕಣಗಳು ಅಂಕಿಯನ್ನು ತೆಳುವಾಗಿಸಿದ್ದರೆ ಇವೂ ಇಳಿದಿರಬೇಕಿತ್ತು.

ಪಿ16 ಪ್ರೋಟೀನಿಗೆ ಬಣ್ಣ ಹಾಕಿ ನೋಡಿದಾಗ ಡಿಸ್‌ಪ್ಲೇಸಿಯಾದಲ್ಲೂ ಇಲ್ಲ, ಕ್ಯಾನ್ಸರಿನಲ್ಲೂ ಇಲ್ಲ. ಎರಡರಲ್ಲೂ ಬ್ರೇಕ್ ಹೋಗಿದೆ, ದಾರಿ ಮಾತ್ರ ಬೇರೆ. ಈ ಜೀನ್ ಇರುವುದು 9ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ, ಅನ್ನನಾಳದ ಸ್ಕ್ವಾಮಸ್ ಕ್ಯಾನ್ಸರಿನಲ್ಲಿ ಆ ಭಾಗ ಆಗಾಗ ಪೂರ್ತಿ ಕಳಚಿ ಹೋಗುತ್ತದೆ. ಜೀನೇ ಇಲ್ಲದ ಮೇಲೆ ಅದರ ಮೇಲೆ ಮೀಥೈಲ್ ಎಲ್ಲಿಂದ? ಉಳಿದ 4, ಗಡ್ಡೆಯ ಸಂದಿಯಲ್ಲಿರುವ ಸಾಮಾನ್ಯ ಕೋಶಗಳದ್ದು ಮತ್ತು ಜೀನ್ ಉಳಿಸಿಕೊಂಡ ಕೆಲವು ಕೋಶಗಳದ್ದು. ಜೀನಿನ ಪ್ರತಿ ಎಣಿಸುವ ಪಿಸಿಆರ್‌ನಲ್ಲಿ ಅದು ಖಚಿತವಾಯಿತು: ಡಿಸ್‌ಪ್ಲೇಸಿಯಾದಲ್ಲಿ ಪ್ರತಿಗಳು ಬಹುತೇಕ ಪೂರ್ತಿ, ಕ್ಯಾನ್ಸರಿನಲ್ಲಿ ಕಾಲುಭಾಗಕ್ಕಿಂತ ಕಡಿಮೆ.

ಪಿ16 ಒಂದನ್ನೇ ಗುರುತಾಗಿ ಇಟ್ಟುಕೊಂಡು "ಹೆಚ್ಚಾದಷ್ಟೂ ಕೆಟ್ಟದ್ದು" ಎಂದು ಗೆರೆ ಎಳೆಯುವವರು ಇಲ್ಲಿ ಮುಗ್ಗರಿಸುತ್ತಾರೆ. 31ರ ಗಡ್ಡೆ 26ರ ಮಚ್ಚೆಯಿಂದಲೇ ಹುಟ್ಟಿತೆಂದೂ ಇದರಿಂದ ಹೇಳಲು ಬರುವುದಿಲ್ಲ. ಒಂದೇ ಹೊಲದಲ್ಲಿ ಬೇರೆ ಬೇರೆಯಾಗಿ ಎದ್ದ ಎರಡು ಕಳೆ ಇರಬಹುದು, ಐದು ಸೆಂಟಿಮೀಟರ್ ಅಂತರ ನೋಡಿದರೆ ಆ ಕಡೆಗೇ ಮನಸ್ಸು ವಾಲುತ್ತದೆ.

ಇನ್ನು 22ರ 6 ಮತ್ತು 9. ಇವು ರಕ್ತದಲ್ಲಿ ಸೊನ್ನೆ. ಸೂಕ್ಷ್ಮದರ್ಶಕಕ್ಕೆ ನಿರ್ದೋಷಿಯಾಗಿ ಕಂಡ ಪದರದಲ್ಲೂ ಕೆಲವು ಕೋಶ ಗುರುತು ಹೊತ್ತಿವೆ. ವರ್ಷಗಟ್ಟಲೆ ಹೊಗೆಸೊಪ್ಪು ಬಳಸಿದವರ ಸಾಮಾನ್ಯ ಅನ್ನನಾಳದಲ್ಲಿ ಇದನ್ನು ನಿರೀಕ್ಷಿಸಬೇಕಾದದ್ದೇ. ಆದರೆ ಇದನ್ನು ಕ್ಯಾನ್ಸರಿನ ಮುನ್ಸೂಚನೆ ಎಂದು ರೋಗಿಯ ಮುಂದೆ ಓದಬಾರದು. ವಯಸ್ಸಾದವರ ಸಾಮಾನ್ಯ ಅನ್ನನಾಳದಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ ಜೀನುಗಳ ರೂಪಾಂತರ ಹೊತ್ತ ತೇಪೆಗಳು ಹೇರಳ, ಬಹುಪಾಲು ಏನೂ ಆಗದೆ ಹಾಗೇ ಇರುತ್ತವೆ. ಮೀಥೈಲ್ ತೇಪೆಯನ್ನೂ ಅದೇ ಎಚ್ಚರದಲ್ಲಿ ನೋಡಬೇಕು.

ಚಿಕಿತ್ಸೆಯ ಮೇಜಿನಲ್ಲಿ

ನಿರ್ಧಾರ ನಿಂತದ್ದು ಪೆಥಾಲಜಿ, ಸಿಟಿ ಮತ್ತು ಅಲ್ಟ್ರಾಸೌಂಡ್ ಮೇಲೆ. ಗಡ್ಡೆ ಸ್ನಾಯು ದಾಟಿತ್ತು, ಒಂದು ದುಗ್ಧಗ್ರಂಥಿ ಅನುಮಾನದ್ದು. ಮೂಗಿನ ನಳಿಕೆಯಲ್ಲಿ ಆಹಾರ ಕೊಟ್ಟು ತೂಕ ನಿಲ್ಲಿಸಿದ ಮೇಲೆ, 23 ಕಂತುಗಳಲ್ಲಿ 41.4 ಗ್ರೇ ರೇಡಿಯೇಶನ್, ಜತೆಗೆ ವಾರಕ್ಕೊಮ್ಮೆಯಂತೆ ಐದು ಸಲ ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್, ಆಮೇಲೆ ಶಸ್ತ್ರಚಿಕಿತ್ಸೆ. 26ರ ಮಚ್ಚೆ ಒಂಟಿಯಾಗಿ ಸಿಕ್ಕಿದ್ದರೆ ಎಂಡೋಸ್ಕೋಪಿಯಲ್ಲೇ ಒಳಪದರ ಸುಲಿದು ತೆಗೆಯಬಹುದಿತ್ತು. ಅದನ್ನು ಹಾಗೇ ಬಿಡುವಂತಿರಲಿಲ್ಲ. ಚೀನಾದ ಲಿನ್‌ಶಿಯಾನ್ ಪ್ರದೇಶದಲ್ಲಿ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದಾಗ ತೀವ್ರ ಡಿಸ್‌ಪ್ಲೇಸಿಯಾ ಇದ್ದವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಬಂದಿತ್ತು. ಇಲ್ಲಿ ಆ ಮಚ್ಚೆಯೇ ಕೊಯ್ತದ ಮೇಲಿನ ಗಡಿಯನ್ನು ಬದಲಿಸಿತು: ಎದೆಯೊಳಗೆ ಜೋಡಿಸುವ ಬದಲು ಕುತ್ತಿಗೆಯಲ್ಲಿ ಜೋಡಣೆ, ರೇಡಿಯೇಶನ್ ಕ್ಷೇತ್ರದೊಳಗೂ 26 ಸೇರಿತು. ಅಯೋಡಿನ್ ಹಾಕದಿದ್ದರೆ ಅದು ಹೊರಗುಳಿಯುತ್ತಿತ್ತು. ಮೀಥೈಲೇಶನ್ ವರದಿ ಈ ಗಡಿಯನ್ನು ಒಂದು ಸೆಂಟಿಮೀಟರೂ ಸರಿಸಲಿಲ್ಲ, ಸರಿಸಲೂಬಾರದು.

"ಸರ, ಈ ಮೀಥೈಲ್ ತೆಗಿಯೋ ಔಷಧ ಇಲ್ಲೇನ್ರಿ?" ಎಂದು ಮಗ ಕೇಳಿದ್ದ.

ಮೀಥೈಲ್ ಇಳಿಸುವ ಅಜಾಸಿಟಿಡೀನ್, ಡೆಸಿಟಬೀನ್ ಇವೆ, ಅವು ರಕ್ತ ಮತ್ತು ಮಜ್ಜೆಯ ಕೆಲವು ರೋಗಗಳಿಗೆ. ಅನ್ನನಾಳದ ಕ್ಯಾನ್ಸರಿಗೆ ರೂಢಿಯ ಚಿಕಿತ್ಸೆಯಲ್ಲಿ ಅವಕ್ಕೆ ಜಾಗವಿಲ್ಲ. ಅವು ಜೀನು ನೋಡಿ ಆರಿಸುವುದಿಲ್ಲ, ಸಿಕ್ಕಲ್ಲೆಲ್ಲ ಇಳಿಸುತ್ತವೆ, ಮೊದಲೇ ಲೈನ್-1 ಕುಸಿದ ಗಡ್ಡೆ ಇದು. "ಔಷಧ ಅಂಥಾದ್ದಿಲ್ಲಪ್ಪ. ನಿಮ್ಮಪ್ಪಾರ ಗಲ್ಲದಾಗಿನ ತಂಬಾಕ ಬಿಡಸ್ರಿ, ಅದು ನಿಮ್ಮ ಕೈಯಾಗೈತಿ" ಎಂದದ್ದಕ್ಕೆ ಹಮಾಲಿಯವರು ಮುಖ ತಿರುಗಿಸಿದರು.

ಎಡಗೆನ್ನೆಯ ಒಳಗೆ, ತಂಬಾಕು ಕೂರುವ ಅದೇ ತಗ್ಗಿನಲ್ಲಿ, ಒಂದು ಬಿಳಿ ಮಚ್ಚೆ ಇತ್ತು. ಮೊದಲ ಎರಡು ಎಂಡೋಸ್ಕೋಪಿಯಲ್ಲೂ ಸ್ಕೋಪ್ ಅದರ ಪಕ್ಕದಿಂದಲೇ ಒಳಗೆ ಹೋಗಿದೆ, ವರದಿಯಲ್ಲಿ ಬಾಯಿಯ ಬಗ್ಗೆ ಒಂದು ಸಾಲೂ ಇಲ್ಲ. ಮೂರನೇ ಬಾರಿ ಕಂಡಿತು, ಕಿವಿ ಮೂಗು ಗಂಟಲು ವಿಭಾಗದಲ್ಲಿ ಬಯಾಪ್ಸಿ ಆಯಿತು. ಆ ತುಣುಕು ಹೋದದ್ದು ಪಿಎಚ್ 7ರ ಬಾಟಲಿಯಲ್ಲಿ, ಪೆನ್ಸಿಲ್ಲಿನಲ್ಲಿ ಹೊತ್ತು ಬರೆದು.